ಪಾಸಂಗಣ್ಣನ ಹೇಳಿಕೆ

ಭಾರತವನ್ನು ಬೈಯುವುದು ಜನ್ಮಸಿದ್ಧ ಹಕ್ಕು ಎಂದುಕೊಂಡಿದ್ದ ನಾವು ಪಾಸಂಗಣ್ಣನ ಎದುರು ಮಾತ್ರ ಬಾಯಿ ಮುಚ್ಚಿಕೊಂಡಿರುತ್ತಿದ್ದೆವು. ಲಾಸ್ ಏಂಜಲೀಸಿನ ನಾರ್ತ್‌ರಿಜ್‌ನಲ್ಲಿ ನಾವು ನಾಲ್ವರು ಹುಡುಗಿಯರು ಹಂಚಿಕೊಂಡಿದ್ದ ಅಪಾರ್ಟ್‌ಮೆಂಟಿಗೆ ನಲ್ಲಿ, ಹೀಟರ್ ರಿಪೇರಿಗೆ ಬರುತ್ತಿದ್ದವರು ಅವರು. ಒಂದು ದಿನ ಸಿಂಕಿನಡಿ ಮಲಗಿ ಪೈಪು ಬಿಗಿಯುತ್ತಿದ್ದರು. ನಾನು ಫೋನಿನಲ್ಲಿ ಅಮ್ಮನ ಜೊತೆ ಬೆಂಗಳೂರಿನ ಆಫೀಸುಗಳ ಲಂಚಕೋರರನ್ನು ಜಾಡಿಸುತ್ತಿದ್ದೆ. ಸಿಂಕಿನಡಿಯಿಂದ ಅಪ್ಪಟ ಹುಬ್ಬಳ್ಳಿ ಕಡೆಯ ಮಾತು ಬಂತು.

"ಹಂಗ ಅನಬ್ಯಾಡ್ರಿ ಅಕ್ಕಾರ. ಅನ್ನ ಹಾಕಿದ ದೇಶ ಅದು."

ಹೊರಗೆ ಬಂದದ್ದು ಟಿಬೆಟಿನ ಮುಖ. ನನಗಿಂತ ಹದಿನೈದು ವರ್ಷ ದೊಡ್ಡವರು, ಕೊನೆಯವರೆಗೂ ನನ್ನನ್ನು ಅಕ್ಕಾರ ಎಂದೇ ಕರೆದರು.

ಎಳೆಯ ವಯಸ್ಸಿನಲ್ಲಿ ಟಿಬೆಟ್ ಬಿಟ್ಟು, ನೇಪಾಳ ದಾಟಿ, ಮುಂಡಗೋಡದ ಟಿಬೆಟನ್ ಕ್ಯಾಂಪ್ ಸೇರಿದವರು. ಕನ್ನಡ ಕಲಿತದ್ದು, ಮದುವೆಯಾದದ್ದು, ಮಗಳು ಹುಟ್ಟಿದ್ದು ಎಲ್ಲ ಅಲ್ಲೇ. ಯಾರದೋ ನೇಪಾಳಿ ಪಾಸ್‌ಪೋರ್ಟಿನಲ್ಲಿ ಅಮೆರಿಕಕ್ಕೆ ಬಂದು, ಅದನ್ನೂ ಮುಚ್ಚಿಡದೆ ಹೇಳಿ, ಆಶ್ರಯಕ್ಕೆ ಅಪ್ಲೈ ಮಾಡಿದ್ದರು. ಸಿಕ್ಕರೆ ಹೆಂಡತಿ, ಮಗಳನ್ನು ಕರೆಸಿಕೊಳ್ಳಬಹುದು ಎನ್ನುವುದೊಂದೇ ಆಸೆ. ಮಗಳಿಗೆಂದು ಹತ್ತಿರದ ಶಾಲೆಯೊಂದನ್ನು ನೋಡಿಟ್ಟಿದ್ದರು. ಅವಳು ಅದರ ವಯಸ್ಸು ದಾಟಿದ ಮೇಲೆ ಇನ್ನೊಂದನ್ನು ನೋಡಿದರು.

ಲಾಸ್ ಏಂಜಲೀಸಿನ ಜಡ್ಜ್ ಪಾಸಂಗಣ್ಣನನ್ನು ಭಾರತದಲ್ಲಿ ಏನಾದರೂ ತೊಂದರೆ ಇತ್ತೇ ಎಂದು ಕೇಳಿದರಂತೆ. ಏನೂ ಇಲ್ಲ ಎಂದು ಬಿಟ್ಟಿದ್ದರೂ ಆಗುತ್ತಿತ್ತು. ಪಾಸಂಗಣ್ಣ ಮುಂಡಗೋಡದ ಅಕ್ಕಿ, ನೀರು, ಅಲ್ಲಿನ ಬಸ್ ಕಂಡಕ್ಟರು, ಎಲ್ಲರನ್ನೂ ಹೊಗಳಿ ಬಂದರು. ಹಾಗಾದರೆ ನೀವು ಅಲ್ಲಿ ನೆಲೆ ನಿಂತವರು, ಇಲ್ಲಿ ಆಶ್ರಯ ಬೇಕಿಲ್ಲ, ಭಾರತಕ್ಕೇ ವಾಪಸು ಹೋಗಿ ಎಂದು ತೀರ್ಪಾಯಿತು. ಬಿಟ್ಟಿಯಾಗಿ ಕೇಸು ಹಿಡಿದಿದ್ದ ವಕೀಲೆ ತಲೆ ಚಚ್ಚಿಕೊಂಡರು. ಅಲ್ಲೂ ಕಾಟವಿತ್ತೆಂದು ತೋರಿಸಿದರೆ ಮಾತ್ರ ಕೇಸು ನಿಲ್ಲುತ್ತದೆಂದು, ನನ್ನನ್ನು ಅವರ ಎದುರಿಗೆ ಕೂರಿಸಿ ಕನ್ನಡದಲ್ಲಿ ಕೇಳಿಸಿದರು. ತಿರುಗಿಸಿ ಮುರುಗಿಸಿ ಕೇಳಿದೆ. "ಅಲ್ಲೇನ್ ತ್ರಾಸ ಇರ್ತೈತ್ರಿ?" ಎಂದು ನನ್ನನ್ನೇ ಕೇಳಿದರು.

ಉಳಿದದ್ದು ಮೇಲಿನ ಕೋರ್ಟಿನ ಪುನರ್ವಿಮರ್ಶೆ. ಅದಕ್ಕೆ ಕಾದದ್ದು ವರ್ಷಗಟ್ಟಲೆ. ಅಲ್ಲಿ ಹೊಸದಾಗಿ ಒಂದು ಮಾತೂ ಸೇರಿಸುವಂತಿಲ್ಲ. ಕೆಳಗಿನ ಜಡ್ಜ್ ತಪ್ಪಿದರೋ ಇಲ್ಲವೋ ಎಂದು ಹಳೆಯ ಕಾಗದಗಳಲ್ಲೇ ನೋಡುತ್ತಾರೆ. ಪಾಸಂಗಣ್ಣ ಯಾರದೋ ಕೋಟು ಹಾಕಿಕೊಂಡು ಹಿಂದಿನ ಬೆಂಚಿನಲ್ಲಿ ನೆಟ್ಟಗೆ ಕುಳಿತಿದ್ದರು. ಈ ಮನುಷ್ಯನಿಗೆ ಭಾರತದಲ್ಲಿ ಕಿರುಕುಳವಾಯಿತೆಂದು ಒಂದು ಸಾಲಾದರೂ ಇದೆಯೇ ಎಂದು ಜಡ್ಜ್ ಕೇಳಿದರು. ಇಲ್ಲ ಎಂದರು ವಕೀಲೆ. ಈ ಮನುಷ್ಯ ಅಲ್ಲೇ ಕುಳಿತಿದ್ದರೂ ಯಾರೂ ಅವರತ್ತ ನೋಡಲಿಲ್ಲ. ತಮ್ಮನ್ನು ಯಾಕೆ ಕರೆಯಲಿಲ್ಲ ಎಂದು ಅವರು ದಾರಿಯುದ್ದಕ್ಕೂ ಕೇಳಿದರು. ಹೇಳಿ ಹೇಳಿ ನನಗೂ ಸಾಕಾಗಿತ್ತು. ತಿಂಗಳುಗಳ ಮೇಲೆ ಆದೇಶ ಬಂತು: ಕೆಳಗಿನ ತೀರ್ಪಿನಲ್ಲಿ ತಪ್ಪಿಲ್ಲ.

ಅಷ್ಟರಲ್ಲಿ ನಾನು ಕೆಲಸ ಸಿಕ್ಕಿ ಸ್ಯಾನ್ ಡಿಯಾಗೋದ ಮೀರಾ ಮೆಸಾಕ್ಕೆ ಬಂದಿದ್ದೆ. ಅವರೂ ಅದೇ ಊರಿನ ಒಂದು ಮೋಟೆಲ್‌ನಲ್ಲಿ ರಿಪೇರಿ ಕೆಲಸ ಹಿಡಿದರು. ಭಾರತಕ್ಕೆ ಕಳಿಸುವವರೆಗೆ ವರ್ಷಕ್ಕೊಮ್ಮೆ ಡೌನ್‌ಟೌನಿನ ವಲಸೆ ಆಫೀಸಿಗೆ ಹೋಗಿ ಹಾಜರಿ ಹಾಕಬೇಕಿತ್ತು. ಅವರಿಗೇನೂ ಬೇಸರವಿದ್ದಂತೆ ಕಾಣಲಿಲ್ಲ. ಹೆಂಡತಿ, ಮಗಳು ಬರದಿದ್ದರೆ ನಾನೇ ಹೋಗುತ್ತೇನಲ್ಲ ಎನ್ನುತ್ತಿದ್ದರು, ಬ್ಯಾಗೂ ಕಟ್ಟಿಟ್ಟಿದ್ದರು. ಅದನ್ನು ನೋಡಿ ನನಗೆ ಅಳು ಬರುತ್ತಿತ್ತು.

ಕೊನೆಯ ಸಲ ಅವರನ್ನು ಡ್ರೈವ್ ಮಾಡಿಕೊಂಡು ಹೋದದ್ದು 2018ರಲ್ಲಿ. ಒಂದು ಕಾಗದ ಹಿಡಿದು ಬಂದರು. ಪಾರ್ಕಿಂಗ್‌ನಲ್ಲಿ ಕಾರಿನೊಳಗೇ ಓದಿ ಹೇಳಿದೆ. ಈ ಹೆಸರಿನವರು ತಮ್ಮಲ್ಲಿ ಇದ್ದ ದಾಖಲೆಯೇ ಇಲ್ಲ, ಕರೆದುಕೊಳ್ಳಲಾಗದು ಎಂದು ಭಾರತದಿಂದ ಉತ್ತರ ಬಂದಿತ್ತು. ಅಲ್ಲಿಗೆ ಅವರು ಹೋಗುವಂತಿಲ್ಲ, ಹೆಂಡತಿ, ಮಗಳು ಇಲ್ಲಿಗೆ ಬರುವಂತಿಲ್ಲ. ಮುಂದಿನ ವರ್ಷ ಮತ್ತೆ ಹಾಜರಿ.

ಪಾಸಂಗಣ್ಣನ ಮುಖ ಕೆಂಪಾಯಿತು. ಅವರು ಸಿಟ್ಟಾದದ್ದನ್ನು ನಾನು ನೋಡಿದ್ದು ಅದೇ ಮೊದಲು.

"ಹಂಗ ಹೆಂಗ ಅಂತಾರ್ರಿ? ಅಲ್ಲೇ ಬಸ್ ಸ್ಟ್ಯಾಂಡಿನ್ಯಾಗ ಪೊಲೀಸ್ರು ಹಿಡದು ಒಂಬತ್ತು ದಿನ ಲಾಕಪ್ಪಿನಾಗ ಇಟ್ಟಿದ್ರು. ಕಾಗದ ಇಲ್ಲ, ಗಡಿ ದಾಟಿಸಿ ಬರ್ತೇವಿ ಅಂತ ಬಡದ್ರು. ಆವಾಗ ನನ್ನ ಹೆಸರು, ನಮ್ಮಪ್ಪನ ಹೆಸರು, ಎಲ್ಲಾ ಬರಕೊಂಡಾರ. ಆ ಪುಸ್ತಕ ತಗದು ನೋಡ್ರಂತ ಹೇಳ್ರಿ."

ವಕೀಲೆ ಇಷ್ಟು ವರ್ಷ ಕೇಳಿದ್ದು ಈ ಒಂದು ಮಾತನ್ನೇ ಎಂದು ನಾನು ಅವರಿಗೆ ಹೇಳಲಿಲ್ಲ.