ಮಾವನ ಬೆಂಚೂ ಕಡಲಿನ ಅಲೆಯೂ

ಉಲ್ಬೋಸಿನ್, ಕರಾಬುರುನ್ ಎಂಬ ಊರಿಗೆ ಸೊಸೆಯಾಗಿ ಬಂದ ವರ್ಷವೇ ಕ್ಯಾಸ್ಪಿಯನ್ ಕಡಲಂಚಿನ ಹವಾಮಾನ ಠಾಣೆಯ ಕೆಲಸಕ್ಕೆ ಸೇರಿದಳು. ಮೂವತ್ತಾರು ವರ್ಷ, ದಿನಕ್ಕೆ ಮೂರು ಸಲ, ಗಾಳಿಯ ವೇಗ, ಅಲೆಯ ಎತ್ತರ, ನೀರಿನ ಮಟ್ಟ ನೋಡಿ ಬರೆದಳು. ಹೆರಿಗೆಗೆ ಹೋದಾಗ ಮಾತ್ರ ಗಂಡ ಬರೆದಿದ್ದ; ಆ ಪುಟಗಳ ಮೇಲೆಲ್ಲ ಚಹಾದ ಕಲೆ. ಅವಳ ಪುಟಗಳಲ್ಲಿ ಒಂದು ಚಿತ್ತುಕಾಟೂ ಇಲ್ಲ.

ಅರವತ್ತು ವರ್ಷಗಳಲ್ಲಿ ಗಾಳಿ, ಅಲೆ ಹೇಗೆ ಬದಲಾದವು ಎಂದು ಲೆಕ್ಕ ಹಾಕಲು ಅಲ್ಮಾಟಿಯಿಂದ ಬಂದಿದ್ದ ಸಲ್ತನತ್ ಎಂಬ ಹುಡುಗಿ ಉಲ್ಬೋಸಿನ್‌ಳ ಮನೆಯಲ್ಲಿ ಆ ಪುಸ್ತಕಗಳನ್ನು ಹರಡಿಕೊಂಡು ಹಣೆ ಉಜ್ಜಿದಳು. ಹಿರಿಯ ಹೆಂಗಸರನ್ನು ಕರೆಯುವಂತೆ ಅವಳು ಉಲ್ಬೋಸಿನ್‌ಳನ್ನು 'ಅಪಾ' ಎನ್ನುತ್ತಿದ್ದಳು.

"ಅಪಾ, ನೀವು ಸೇರಿದ ಎಂಬತ್ತೆಂಟರಿಂದ ಇಲ್ಲಿ ದೊಡ್ಡ ಅಲೇನೇ ಇಲ್ಲ. ಎರಡು ಸಾವಿರದ ಹನ್ನೆರಡರ ಮಾರ್ಚಿಂದ ಮತ್ತೆ ಶುರು. ಇಪ್ಪತ್ನಾಲ್ಕು ವರ್ಷ ಕಡಲು ಮಲಗಿತ್ತಾ?"

"ಆ ಮಾರ್ಚಲ್ಲಿ ನಮ್ಮ ಮಾವ ತೀರಿಕೊಂಡ್ರು."

"ಅಯ್ಯೋ ಪಾಪ. ಆದ್ರೆ ಕಡಲಿಗೂ ಅವರಿಗೂ ಏನು ಸಂಬಂಧ?"

ಉಲ್ಬೋಸಿನ್ ತಲೆವಸ್ತ್ರ ಸರಿಮಾಡಿಕೊಂಡಳು. "ಹಳೇ ಮೀನುಗಾರ, ನೋಡು. ಮಾವನನ್ನ ನಾನು ಅತಾ ಅಂತಿದ್ದೆ. ಗಾಳಿ ಎದ್ರೆ ಸಾಕು, ಅತಾ ಮನೆ ಬಾಗಿಲ ಮುಂದಿನ ಬೆಂಚಲ್ಲಿ ಬಂದು ಕೂತ್ಕೊಳ್ಳೋರು. ಅಳತೆ ತಗೊಳ್ಳೋ ದಕ್ಕೆಗೆ ಹೋಗೋ ದಾರಿ ಅವರ ಮುಂದೇನೇ."

"ದಾಟಿ ಹೋಗ್ಬೇಕಿತ್ತು."

"ಸೊಸೆ ಮಾವನ ಮುಂದೆ ಅಡ್ಡ ಹಾಯೋದುಂಟಾ? ನಿಮ್ಮಮ್ಮ ನಿಂಗೇನೂ ಕಲಿಸಿಲ್ವಾ?"

"ಮತ್ತೆ ಎಲ್ಲಿ ಅಳೆದ್ರಿ?"

"ಒಂಟೆ ಕೊಟ್ಟಿಗೆ ಹಿಂದೆ. ಅಲ್ಲೂ ಕಡಲೇ ತಾನೆ ಇರೋದು?"

ಕೊಟ್ಟಿಗೆಯ ಹಿಂದಿನ ಪುಟ್ಟ ಕೊಲ್ಲಿಗೆ ಗಾಳಿ ತಾಗುವುದೇ ಇಲ್ಲ, ಅಲೆಯೂ ಏಳುವುದಿಲ್ಲ. ಗಾಳಿಯಿಲ್ಲದ ದಿನ ಮಾವ ಗೆಳೆಯನ ಮನೆಗೆ ಡೊಮಿನೊ ಆಡಲು ಹೋಗುತ್ತಿದ್ದರಿಂದ ಅಂದು ದಕ್ಕೆಯಲ್ಲೇ ಸರಿಯಾದ ಅಳತೆ.

"ನಿಮ್ಮ ಯಜಮಾನರ ಕೈಲಾದ್ರೂ ಹೇಳಿಸಬಹುದಿತ್ತು."

"ಹೇಳಿದ್ರು. ಅದಕ್ಕೆ ಅತಾ, 'ನನ್ನ ಸೊಸೆ ಬಂಗಾರ, ಹಿಂದಿನಿಂದ ಹೋಗೋದು ಅವಳಿಗೆ ಗೊತ್ತು' ಅಂದ್ರು. ಬಂಗಾರ ಅಂದ್ಮೇಲೆ ಇನ್ನೇನು ಮಾಡೋದು?"

ಸಲ್ತನತ್ ನಗು ತಡೆದುಕೊಂಡು ಪೆನ್ಸಿಲ್ ಎತ್ತಿದಳು. "ಬೇಜಾರಾಗ್ಬೇಡಿ ಅಪಾ. ಈ ಇಪ್ಪತ್ನಾಲ್ಕು ವರ್ಷ ಕೈಬಿಡಬೇಕಾಗುತ್ತೆ." ಉದ್ದಕ್ಕೆ ಒಂದು ಗೆರೆ ಎಳೆದಳು.

ಜ್ವರದಲ್ಲೂ ಎದ್ದು ಹೋದ ದಿನಗಳು ಆ ಗೆರೆಯ ಕೆಳಗಿದ್ದವು. ಉಲ್ಬೋಸಿನ್ ಪುಟದ ಕೊನೆಯ ಅಂಕಣದ ಮೇಲೆ ಬೆರಳಿಟ್ಟಳು. "ಇದನ್ನ ಓದಿದ್ಯಾ?"

"ಮನೆ ವಿಷಯ ಅಂತ ಬಿಟ್ಟೆ."

"ಯಾವ ಅಂಕಣಾನೂ ಖಾಲಿ ಬಿಡಬೇಡಿ ಅಂತ ಆಫೀಸಿನವರು ಹೇಳಿದ್ರು. ಚಹಾ ಕುಡೀತಾ ಅತಾ ಏನಂದ್ರೋ ಅದನ್ನ ಬರೆದೆ."

ಸಲ್ತನತ್ ಓದಿದಳು. 'ಅತಾ: ದಕ್ಕೆಯ ಮೂರನೆಯ ಮೆಟ್ಟಿಲು ಒದ್ದೆ.' 'ಅತಾ: ಐದನೆಯ ಮೆಟ್ಟಿಲು. ಟೋಪಿ ಹಾರಿತು.' 'ಅತಾ: ಆರು. ಟೋಪಿ ಪಕ್ಕದ ಮನೆಯಲ್ಲಿ ಸಿಕ್ಕಿತು. ಮಾಂಸಕ್ಕೆ ಉಪ್ಪು ಕಡಿಮೆ.'

ಹುಡುಗಿ ಎದ್ದು ನಿಂತಳು. "ಅಪಾ! ಅವತ್ತವತ್ತಿನ ನೀರಿನ ಮಟ್ಟ ನೀವು ಬರೆದೇ ಇದ್ದೀರಿ. ಮೆಟ್ಟಿಲ ಎತ್ತರ ಅಳೆದು ಅದನ್ನ ಕಳೆದ್ರೆ ಅಲೆ ಸಿಕ್ಕಿತು. ಟೋಪಿ ಇದ್ಯಾ?"

ಮಾವನ ನರಿ ತುಪ್ಪಳದ ಟೋಪಿ ಗೋಡೆಯ ಮೊಳೆಯಲ್ಲೇ ತೂಗುತ್ತಿತ್ತು. ಎಷ್ಟು ಗಾಳಿಗೆ ಹಾರುತ್ತದೆ ನೋಡೋಣವೆಂದು ಸಲ್ತನತ್ ಅದನ್ನು ಬೆಂಚಿನ ಮೇಲಿಟ್ಟು, ಪಕ್ಕದಲ್ಲಿ ಗಾಳಿಯ ವೇಗ ಅಳೆಯುವ ಯಂತ್ರ ಇಟ್ಟು, ನೇರ ದಕ್ಕೆಗೆ ಓಡಿದಳು. ಕಡಲು ಈಗ ಬಹಳ ಹಿಂದೆ ಸರಿದಿದೆ. ಮೆಟ್ಟಿಲುಗಳು ಒಣ ಚಿಪ್ಪಿನ ನಡುವೆ ನಿಂತಿವೆ.

"ಟೇಪ್ ತನ್ನಿ ಅಪಾ!"

ಬಹಳ ಹೊತ್ತು ಯಾರೂ ಬರಲಿಲ್ಲ. ಆಮೇಲೆ ಒಂಟೆ ಕೊಟ್ಟಿಗೆಯ ಮೂಲೆಯಿಂದ ಉಲ್ಬೋಸಿನ್ ಟೇಪನ್ನೂ ಪುಸ್ತಕಗಳನ್ನೂ ಹೊತ್ತು ಏದುಸಿರು ಬಿಡುತ್ತ ಬಂದಳು.

"ಯಾಕೆ ಸುತ್ತಿ ಬಂದ್ರಿ? ಹನ್ನೆರಡು ವರ್ಷದಿಂದ ಈ ದಾರೀಲೇ ಓಡಾಡ್ತಿದ್ದೀರಲ್ಲ!"

"ಇವತ್ತು ಟೋಪಿ ಕೂತಿದೆಯಲ್ಲ ಮಗಳೇ."

ಆರೂ ಮೆಟ್ಟಿಲು ಅಳೆದಾಯಿತು. ಸಲ್ತನತ್ ಅಲ್ಲೇ ಕುಳಿತು ಪೆನ್ಸಿಲ್ ಗೆರೆಯನ್ನು ಅಳಿಸತೊಡಗಿದಳು. ಉಲ್ಬೋಸಿನ್ ಅಂದಿನ ಪುಟ ತೆರೆದು ಎಲ್ಲ ಅಂಕಣ ತುಂಬಿದಳು. ಕೊನೆಯದಕ್ಕೆ ಬಂದಾಗ ದೂರದ ಬೆಂಚಿನತ್ತ ಒಮ್ಮೆ ನೋಡಿ ಬರೆದಳು: 'ಟೋಪಿ ಇನ್ನೂ ಎದ್ದಿಲ್ಲ.'