ದೊಡ್ಡವ್ವನ ಗಿರಣಿ ಬಸ್ಸು

ಆಗ ನಮ್ಮ ಕಡೆ ಹಿಟ್ಟು ಬೇಕೆಂದರೆ ಅರ್ಧ ದಿನ ಹೋಗುತ್ತಿತ್ತು. ತೋಟದ ಮನೆಗಳಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಜೋಳದ ಗಂಟು ಹೊತ್ತು ಕಾಲುವೆಯ ದಂಡೆ ಹಿಡಿದು ಹಾರೂಗೇರಿಗೆ ನಡೆಯಬೇಕು, ಗಿರಣಿಯ ಮುಂದಿನ ಪಾಳಿಯಲ್ಲಿ ನಮ್ಮ ಡಬ್ಬಿಯನ್ನೂ ಇಡಬೇಕು, ಕರೆಂಟು ಹೋದರೆ ಬರುವ ತನಕ ಗೋಡೆಗೆ ಒರಗಿ ಕೂರಬೇಕು. ಮರಳುವಾಗ ಮಾತ್ರ ಸುಖ. ಆಗಷ್ಟೇ ಬೀಸಿದ ಹಿಟ್ಟಿನ ಬಿಸಿ ಸಿಂಬಿಯನ್ನು ದಾಟಿ ನೆತ್ತಿಗೆ ಇಳಿಯುತ್ತಿತ್ತು. ಚಳಿಗಾಲದಲ್ಲಿ ಆ ಬಿಸಿಗಾಗಿಯೇ ನಾವು ಹುಡುಗಿಯರು ಗಂಟು ಹೊರಲು ಜಗಳವಾಡುತ್ತಿದ್ದೆವು.

ಆ ಗಿರಣಿ ನನ್ನ ದೊಡ್ಡವ್ವ ಗಂಗವ್ವನದು. ದೊಡ್ಡಪ್ಪ ರಾಮಣ್ಣ ತೋಟದಲ್ಲಿ ಎತ್ತುಗಳ ಜೊತೆ ಇರುತ್ತಿದ್ದ. ದೊಡ್ಡವ್ವ ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಪೇಟೆಗೆ ಹೋಗಿ ಗಿರಣಿ ನಡೆಸುತ್ತಿದ್ದಳು. ಕಲ್ಲು ಸವೆದರೆ ಉಳಿ ಸುತ್ತಿಗೆ ಹಿಡಿದು ಅದಕ್ಕೆ ಹೊಸ ಹಲ್ಲು ಕೊಡುವ ಕೆಲಸವನ್ನೂ ತಾನೇ ಮಾಡುತ್ತಿದ್ದಳು. ಅವಳ ಹುಬ್ಬಿನ ಮೇಲೆ ಸದಾ ಹಿಟ್ಟು ಕೂತಿರುತ್ತಿತ್ತು. ಸ್ನಾನ ಮಾಡಿ ಬಂದರೂ ಜೋಳದ ವಾಸನೆ ಹೋಗುತ್ತಿರಲಿಲ್ಲ.

ನನಗೆ ಹತ್ತು ವರ್ಷವಾದ ಚಳಿಗಾಲದಲ್ಲಿ ಗಿರಣಿ ಇದ್ದ ಕಟ್ಟಡದ ಮಾಲಕ ಅದನ್ನು ಕೆಡವುವುದಾಗಿ ಹೇಳಿದ. ಎಳ್ಳ ಅಮಾವಾಸ್ಯೆ ಮುಗಿಯುತ್ತಲೇ ಜಾಗ ಖಾಲಿಯಾಗಬೇಕು. ಪೇಟೆಯಲ್ಲಿ ಬೇರೆ ಜಾಗ ಸಿಗಲಿಲ್ಲ. ತೋಟದಲ್ಲೇ ಹೂಡೋಣವೆಂದರೆ ಅಲ್ಲಿನ ಕರೆಂಟು ಬಾವಿಯ ಪಂಪಿಗೇ ಸಾಲುತ್ತಿರಲಿಲ್ಲ. ಅಥಣಿಯ ಒಬ್ಬ ವ್ಯಾಪಾರಿ ಬಂದು ಕಲ್ಲು, ಅದನ್ನು ತಿರುಗಿಸುವ ಪಟ್ಟಾ ಎಲ್ಲವನ್ನೂ ಮುಟ್ಟಿ ನೋಡಿ, ಅಮಾವಾಸ್ಯೆಯ ಮರುದಿನ ಒಯ್ಯುತ್ತೇನೆ ಎಂದು ಹೇಳಿ ಹೋದ. ದೊಡ್ಡವ್ವ ಹೊಲದ ಕೆಲಸಕ್ಕೆ ಹೆದರುವವಳಲ್ಲ. ಆದರೆ ಸುತ್ತಲಿನ ತೋಟಗಳಲ್ಲಿ ಅವಳು ಗಿರಣಿ ಗಂಗವ್ವ. ಗಿರಣಿ ಹೋದ ದಿನ ಆ ಹೆಸರೂ ಹೋಗುತ್ತದೆ.

ಆಗ ಕಿವಿಗೆ ಬಿದ್ದದ್ದು ಅಂಕಲಿ ಊರಿನ ಒಂದು ಹಳೆಯ ಬಸ್ಸಿನ ಸುದ್ದಿ. ಮದುವೆಯ ದಿಬ್ಬಣಗಳನ್ನು ಹೊತ್ತು ಹೊತ್ತು ಸೋತು, ಯಾರದೋ ಹಿತ್ತಲಲ್ಲಿ ನಿಂತಿತ್ತು. ಅದರೊಳಗೆ ಗಿರಣಿ ಹೂಡಿದರೆ ಹೇಗೆ ಎಂಬ ಯೋಚನೆ ದೊಡ್ಡವ್ವನದೇ. ಹಿಂದಿನ ಒಂದು ಗಾಲಿಯನ್ನು ಜಾಕಿನಿಂದ ನೆಲ ಬಿಟ್ಟು ಎತ್ತಬೇಕು. ತಿರುಗುವ ಆ ಗಾಲಿಗೆ ಪಟ್ಟಾ ಹಾಕಿ ಒಳಗಿನ ಕಲ್ಲಿಗೆ ಜೋಡಿಸಬೇಕು. ಬಸ್ಸಿನ ಇಂಜಿನ್ನೇ ತೋಟಕ್ಕೆ ಒಯ್ಯುತ್ತದೆ, ಅದೇ ಬೀಸುತ್ತದೆ. ಬಸ್ಸಿನವನು ಎಂಟು ದಿನ ಇಟ್ಟುಕೊಂಡು ನೋಡಿ, ಬೇಡವಾದರೆ ತಂದು ಬಿಡಿ ಎಂದ.

ಬಸ್ಸು ಬಂದ ದಿನವನ್ನು ನೆನೆದರೆ ಈಗಲೂ ನಗು ಬರುತ್ತದೆ. ದಾರಿಯಲ್ಲಿ ಮೂರು ಸಲ ನಿಂತು, ನಮ್ಮ ತೋಟದ ತಿರುವಿನಲ್ಲಿ ಪೂರಾ ಕೈಕೊಟ್ಟಿತು. ದೊಡ್ಡಪ್ಪ ಎರಡು ಜೋಡಿ ಎತ್ತು ಕಟ್ಟಿ ಎಳೆಸಿದ. ಮುಂದೆ ನಾಲ್ಕು ಎತ್ತು, ಹಿಂದೆ ನೀಲಿ ಹೊಗೆ, ಅದರ ಹಿಂದೆ ತೋಟಗಳ ಮಕ್ಕಳೆಲ್ಲ.

“ಎತ್ತ ಇದ್ದಾವಲ್ಲ, ಇಂಜಿನ್ನ ತಗದ ಒಗೀರಿ,” ಎಂದ ದೊಡ್ಡಪ್ಪ.

“ಎತ್ತು ಹಿಟ್ಟ ಬೀಸತಾವೇನ್ರಿ? ಸುಮ್ಮನ ಹೊಡೀರಿ,” ಎಂದಳು ದೊಡ್ಡವ್ವ.

ಮಕ್ಕಳಾದ ನಮಗೆ ಆ ಎಂಟು ದಿನ ಹಬ್ಬ. ಸೀಟುಗಳ ಕೆಳಗೆ ಹಳೆಯ ಮದುವೆಗಳ ಅಕ್ಷತೆ, ಒಡೆದ ಹಸಿರು ಬಳೆ, ಒಣಗಿದ ಮಲ್ಲಿಗೆಯ ದಂಡೆ ಸಿಗುತ್ತಿದ್ದವು. ಡೀಸೆಲ್ಲಿನ ವಾಸನೆಯ ಜೊತೆ ಊದುಬತ್ತಿಯ ವಾಸನೆಯೂ ಸೀಟಿನಲ್ಲಿ ಇಳಿದು ಕೂತಿತ್ತು. ಕಬ್ಬಿನ ಒಣಗಿದ ಗರಿ, ರವದಿಯನ್ನು ಟಿಕೆಟ್ಟಾಗಿ ಹರಿದು ಕೊಟ್ಟು ನಾನು ಕಂಡಕ್ಟರ್ ಆಗುತ್ತಿದ್ದೆ. ರಾಯಬಾಗ, ಚಿಕ್ಕೋಡಿ, ನಿಪ್ಪಾಣಿ ಎಂದು ಕೂಗುತ್ತ, ನಿಂತ ಬಸ್ಸಿನಲ್ಲೇ ಊರೂರು ಸುತ್ತಿ ಬರುತ್ತಿದ್ದೆವು.

ಬಸ್ಸು ನೋಡಲು ದಸ್ತಗೀರ ಮೇಸ್ತ್ರಿ ಬಂದ. ಹಾರೂಗೇರಿಯಲ್ಲಿ ಲಾರಿ, ಟ್ರ್ಯಾಕ್ಟರು ರಿಪೇರಿ ಮಾಡುವವನು. ದೊಡ್ಡವ್ವನನ್ನು ಅತ್ತಿಗೆ ಎಂಬಂತೆ ವೈನಿ ಎಂದು ಕರೆಯುತ್ತಿದ್ದ. ಅವನು ಇಂಜಿನ್ನಿಗೆ ಕಿವಿಗೊಟ್ಟು ಎರಡು ದಿನ ಕೂತ, ಎಣ್ಣೆ ಅಳೆದ, ಹೊಗೆಯನ್ನು ಅಂಗೈಯಲ್ಲಿ ಹಿಡಿದು ಮೂಸಿದ. ಇದು ಎಣ್ಣೆ ಕುಡಿಯುವ ಇಂಜಿನ್ನು, ಒಳಗಿನ ರಿಂಗು ಸವೆದಿವೆ, ಮಿಕ್ಕದ್ದು ಎಷ್ಟು ಗಟ್ಟಿ ಇದೆಯೋ ಬಿಚ್ಚದೆ ಹೇಳಲಾರೆ ಎಂದ. ಬಿಚ್ಚಿದರೆ ಮರಳಿ ಕೊಡಲು ಬರುವುದಿಲ್ಲ. ಕೊನೆಗೆ ಅಮಾವಾಸ್ಯೆಯ ಹಿಂದಿನ ದಿನ ಮುಂಜಾನೆ, ಪೇಟೆಯಿಂದ ತಂದ ಗಿರಣಿಯನ್ನು ಜೋಡಿಸಿ ಒಂದು ಸಲ ಬೀಸಿ ನೋಡುವುದು, ಅದರ ಮೇಲೆ ತೀರ್ಮಾನ ಎಂದಾಯಿತು. ಮರುದಿನದ ಹಬ್ಬಕ್ಕೆ ಬೇಕಾದ ಸಜ್ಜೆಯನ್ನೇ ಬೀಸೋಣ ಎಂದಳು ದೊಡ್ಡವ್ವ.

ನಮ್ಮಲ್ಲಿ ಎಳ್ಳ ಅಮಾವಾಸ್ಯೆಗೆ ಮನೆಮಂದಿಯೆಲ್ಲ ಗಾಡಿ ಕಟ್ಟಿಕೊಂಡು ಹೊಲಕ್ಕೆ ಹೋಗಿ, ಎಡೆಯ ಅಡುಗೆಯನ್ನು ಬೆಳೆಗೆ ಎರಚಿ ಚರಗ ಚೆಲ್ಲಿ ಊಟ ಮಾಡುತ್ತೇವಲ್ಲ, ಅದಕ್ಕಾಗಿ ಮೊದಲೇ ಎತ್ತುಗಳ ಮೈ ತೊಳೆದು, ಗಾಡಿಯ ಅಚ್ಚಿಗೆ ಕೀಲೆಣ್ಣೆ ಹಾಕುತ್ತಾರೆ. ಎಣ್ಣೆ ನೆಲಕ್ಕೆ ತೊಟ್ಟಿಕ್ಕಬೇಕು. ತೊಟ್ಟಿಕ್ಕದ ಗಾಡಿ ಹಸಿದ ಗಾಡಿ ಎಂಬುದು ದೊಡ್ಡಪ್ಪನ ಲೆಕ್ಕ. ಆ ಸಲವೂ, ಬಸ್ಸಿನಲ್ಲಿ ಬೀಸಿ ನೋಡುವ ಹಿಂದಿನ ಸಂಜೆಯೇ, ಗಾಡಿಗೆ ಎಣ್ಣೆ ಹಾಕಿದ. ಆಮೇಲೆ, ಮನೆಗೆ ಬಂದ ಮೇಲೆ ಇದೂ ಗಾಡಿಯೇ, ಎಣ್ಣೆ ಕುಡಿಯುತ್ತದೆ ಎಂದು ಮೇಸ್ತ್ರಿಯೇ ಹೇಳಿದ್ದಾನೆ ಎಂದುಕೊಂಡು, ಬಸ್ಸಿನ ಇಂಜಿನ್ನಿಗೂ ಇದ್ದ ಡಬ್ಬಿಯೆಲ್ಲ ಸುರಿದಿದ್ದ. ಯಾರಿಗೂ ಹೇಳಲಿಲ್ಲ. ಹೇಳಬೇಕಾದ ಸಂಗತಿ ಎಂದು ಅವನಿಗೆ ಅನಿಸಿರಲೂ ಇಲ್ಲ.

ಮುಂಜಾನೆ ಬಿಸಿಲು ಬಿದ್ದ ಮೇಲೆ ಗಾಲಿ ಎತ್ತಿದರು. ತುಕ್ಕು ತಿಂದು ತೂತಾಗಿದ್ದ ತಗಡಿನೊಳಗಿಂದ ಪಟ್ಟಾ ಒಳಗೆ ಬಂತು. ಡ್ರೈವರನ ಪಕ್ಕದಲ್ಲಿದ್ದ ಇಂಜಿನ್ನಿನ ಮುಚ್ಚಳ ತೆಗೆದಿತ್ತು. ಅದರ ಗಾಳಿ ಸೋಸುವ ಜಾಳಿಗೆಯನ್ನೂ ಮೇಸ್ತ್ರಿ ತೊಳೆಯಲು ಬಿಚ್ಚಿದ್ದರಿಂದ, ಗಾಳಿ ಎಳೆಯುವ ಕೊಳವೆ ಬಾಯಿ ತೆರೆದು ಮೇಲೆ ನೋಡುತ್ತಿತ್ತು. ಬಸ್ಸಿನ ಹಿಂಭಾಗದಲ್ಲಿ ದೊಡ್ಡವ್ವ ತನ್ನ ಕಟ್ಟಿಗೆಯ ಮಣೆಯ ಮೇಲೆ ಕೂತಿದ್ದಳು. ನಾನು ಹಿಟ್ಟಿನ ಚೀಲದ ಬಾಯಿ ಹಿಡಿದಿದ್ದೆ. ಇಂಜಿನ್ನು ಚಾಲೂ ಮಾಡಿ ಮೇಸ್ತ್ರಿ ಕೆಳಗಿಳಿದು ದೊಡ್ಡಪ್ಪನ ಜೊತೆ ಗಾಲಿಯ ಹತ್ತಿರ ನಿಂತ. ಕಲ್ಲು ತಿರುಗಿತು. ಮೊದಲ ಹಿಟ್ಟು ಬೆಚ್ಚಗೆ ನನ್ನ ಮುಂಗೈ ಮೇಲೆ ಬಿತ್ತು. ದೊಡ್ಡವ್ವ ಅದನ್ನು ಹೆಬ್ಬೆರಳಿನಿಂದ ಉಜ್ಜಿ ನೋಡಿ ನಕ್ಕಳು. ಎಂಟು ದಿನದಲ್ಲಿ ಅದು ಅವಳ ಮೊದಲ ನಗು.

ಮುಂದಿನದು ನನ್ನ ತಲೆಯಲ್ಲಿ ಎಷ್ಟು ಸಲ ನಡೆದಿದೆಯೋ ಲೆಕ್ಕವಿಲ್ಲ.

ಇಂಜಿನ್ನಿನ ದನಿ ಏರತೊಡಗಿತು. ಯಾರೂ ಮುಟ್ಟಿರಲಿಲ್ಲ. ಏರುತ್ತ ಏರುತ್ತ ಗುಡುಗಿನಂತಿದ್ದದ್ದು ಕೂಗಾಯಿತು, ಕೂಗು ಸೀಟಿಯಾಯಿತು. ಕಿಟಕಿಯ ಹೊರಗೆ ಹೊಗೆ ಬಿಟ್ಟರೆ ಬೇರೇನೂ ಕಾಣಲಿಲ್ಲ. ಪಟ್ಟಾ ಬಡಿದುಕೊಳ್ಳತೊಡಗಿತು. ಕಲ್ಲಿನ ಮೇಲಿನ ಕಬ್ಬಿಣದ ಕವಚ ಕುಣಿಯುತ್ತಿತ್ತು, ಹಿಟ್ಟು ಸುಟ್ಟ ವಾಸನೆ ಬಂತು. ಅಷ್ಟು ವೇಗಕ್ಕೆ ಬೀಸುಕಲ್ಲು ಸಿಡಿದರೆ ಅದರ ಚೂರು ತಗಡನ್ನೂ ಸೀಳಿಕೊಂಡು ಹೋಗುತ್ತದೆ. ಅದು ನನಗೆ ಗೊತ್ತಿರಲಿಲ್ಲ, ದೊಡ್ಡವ್ವನಿಗೆ ಗೊತ್ತಿತ್ತು. ಅವಳು ನನ್ನ ರಟ್ಟೆ ಹಿಡಿದು ಕಾಳಿನ ಚೀಲಗಳ ಹಿಂದೆ ದೂಡಿದಳು.

“ಮಕಾಡೆ ಬೀಳ. ನಾ ಬರೂತನಾ ತಲಿ ಎತ್ತಬ್ಯಾಡ.”

ಮೇಸ್ತ್ರಿ ಓಡಿ ಬಂದು ಮುಂದಿನ ಬಾಗಿಲಿಂದ ಹತ್ತಿದ್ದ. ಇಂಜಿನ್ನು ನಿಲ್ಲಿಸುವ ತಂತಿಯನ್ನು ಎಳೆದ, ನಿಲ್ಲಲಿಲ್ಲ. ತಲೆಯ ಟವೆಲ್ಲು ತೆಗೆದು ಗಾಳಿಯ ಕೊಳವೆಗೆ ತುರುಕಿದ. ಕೊಳವೆ ಅದನ್ನು ಅವನ ಕೈಯಿಂದ ಕಸಿದು ಒಳಗೆ ಎಳೆದುಕೊಂಡಿತು. ಡೀಸೆಲ್ಲು ನಿಂತರೂ ಅಂಥ ಇಂಜಿನ್ನು ಒಳಗೆ ತುಂಬಿ ತುಳುಕುವ ತನ್ನದೇ ಎಣ್ಣೆಯನ್ನು ಉರಿಸಿಕೊಂಡು ಓಡುತ್ತದೆ, ಗಾಳಿ ಕಟ್ಟಿದರೆ ಮಾತ್ರ ಸಾಯುತ್ತದೆ ಎಂಬುದನ್ನು ನಾನು ತಿಳಿದದ್ದು ಡಿಗ್ರಿಗೆ ಬಂದ ಮೇಲೆ. ಮೇಸ್ತ್ರಿಗೆ ಅದು ಕಾಲೇಜಿಲ್ಲದೆ ಗೊತ್ತಿತ್ತು.

“ವೈನಿ, ಗಟ್ಟಿದು ಏನರ ಕೊಡ್ರಿ, ಅರಿಬಿ ಬ್ಯಾಡ,” ಎಂದು ಕೂಗಿದ.

ನಾನು ತಲೆ ಎತ್ತಿಬಿಟ್ಟೆ. ಅದಕ್ಕೇ ಈ ಚಿತ್ರ ನನ್ನ ಬಳಿ ಇದೆ. ದೊಡ್ಡವ್ವ ಮಣೆಯನ್ನು ಎದೆಗವಚಿಕೊಂಡು, ಕುಣಿಯುವ ಕಲ್ಲನ್ನು ದಾಟಿ, ಅಲುಗುವ ಬಸ್ಸಿನಲ್ಲಿ ಸೀಟು ಸೀಟು ಹಿಡಿದು ಮುಂದೆ ಹೋದಳು. ಮಣೆಯನ್ನು ಮೇಸ್ತ್ರಿಯ ಕೈಗೆ ಕೊಡಲಿಲ್ಲ. ತಾನೇ ಕೊಳವೆಯ ಬಾಯಿಗೆ ಬಡಿದು, ಅದರ ಮೇಲೆ ಎರಡೂ ಮೊಣಕಾಲೂರಿ ಮೈಭಾರವನ್ನೆಲ್ಲ ಬಿಟ್ಟಳು. ಇಂಜಿನ್ನು ಒಂದು ಸಲ ಕೆಮ್ಮಿತು. ಇನ್ನೊಂದು ಸಲ. ಬಸ್ಸು ಮೈ ಜಾಡಿಸಿತು. ಆಮೇಲೆ ಕಲ್ಲು ತನ್ನ ಓಟದಲ್ಲಿ ತಿರುಗುತ್ತ, ನಿಧಾನವಾಗುತ್ತ, ನಿಂತಿತು.

ಹಾರಿದ್ದ ಹಿಟ್ಟು ಬಿಸಿಲಿನಲ್ಲಿ ಕೆಳಗಿಳಿಯುತ್ತಿತ್ತು. ಇಂಜಿನ್ನಿಗೆ ತಾಗಿ ದೊಡ್ಡವ್ವನ ಮೊಣಕೈ ಸುಟ್ಟಿತ್ತು. ಅವಳು ಬೇಗ ಏಳಲಿಲ್ಲ. ನಿಂತದ್ದು ಮತ್ತೆ ಎದ್ದೀತು ಎಂಬ ಅಂಜಿಕೆ ಇರಬೇಕು.

ನನ್ನ ಅವ್ವ ಮನೆಯಿಂದ ಓಡಿ ಬಂದು ನನ್ನನ್ನು ಇಳಿಸಿಕೊಂಡು, ಇವತ್ತೇ ಆ ಬಸ್ಸನ್ನು ಅಂಕಲಿಗೆ ಬಿಟ್ಟು ಬನ್ನಿ ಎಂದು ಅಳುತ್ತ ಕೂಗಾಡಿದಳು. ಸುತ್ತಲಿನ ತೋಟಗಳಿಂದ ಬಂದವರೂ ಅದನ್ನೇ ಹೇಳಿದರು. ದೊಡ್ಡಪ್ಪ ಗಾಲಿಯ ಪಕ್ಕ ಕುಕ್ಕರುಗಾಲಲ್ಲಿ ಕೂತಿದ್ದ. ಮೇಸ್ತ್ರಿ ಎಣ್ಣೆ ಅಳೆಯುವ ಕಡ್ಡಿ ಎಳೆದು, ಹಿಡಿಯ ತನಕ ಎಣ್ಣೆ ಹತ್ತಿದ್ದನ್ನು ಕಂಡು ಬೆರಗಾದ.

“ನಾನಽ ಹಾಕೇನೋ ದಸ್ತಗೀರ,” ಎಂದ ದೊಡ್ಡಪ್ಪ, ನೆಲ ನೋಡುತ್ತ. “ನಾಳೆ ಅಮಾಸಿ ಅಲ್ಲೇನು. ಗಾಡಿ ಒಣಾ ಇರಬಾರದು ಅಂತ.”

ಮೇಸ್ತ್ರಿ ಬಸ್ಸಿನ ಕೆಳಗೆ ಹೋಗಿ ಮಲಗಿದ. ಎಣ್ಣೆಯನ್ನೆಲ್ಲ ಬೋಗುಣಿಗೆ ಇಳಿಸಿ, ತಳದ ತಟ್ಟೆ ಬಿಚ್ಚಿ, ಮಧ್ಯಾಹ್ನದ ತನಕ ಒಳಗೆ ಕೈ ಹಾಕಿ ಒಂದೊಂದನ್ನೂ ಅಲುಗಿಸಿ ನೋಡಿದ. ಊಟಕ್ಕೆ ಕರೆದರೂ ಬರಲಿಲ್ಲ. ಹೊರಗೆ ಬಂದಾಗ ಮುಖದಲ್ಲಿ ಕಣ್ಣು ಬಿಟ್ಟರೆ ಎಲ್ಲ ಕಪ್ಪು.

“ವೈನಿ, ನನ್ನ ಉಮರಿನ್ಯಾಗ ಹಿಂಗ ಒದರಿದ ಇಂಜಿನ್ನ ಯಾವುದೂ ಉಳದಿಲ್ಲ. ಇದರಾಗ ಒಂದ ಎಲುಬ ಸೈತ ಅಲುಗಿಲ್ಲ. ರಿಂಗ ಹಾಕಿದರ ಸಾಕು. ರಾಮಣ್ಣ ಮಾಡಿದಷ್ಟ ಪರೀಕ್ಷಾ ನಾ ಮಾಡತಿರಲಿಲ್ಲ.”

ಜನ ನಗಬೇಕೋ ಬೇಡವೋ ತಿಳಿಯದೆ ದೊಡ್ಡವ್ವನ ಕಡೆ ನೋಡಿದರು. ಅವಳು ಕಲ್ಲಿನ ಕವಚ ತೆಗೆದು ಅದನ್ನು ಬೆರಳಿನಿಂದ ಸುತ್ತಲೂ ತಡವುತ್ತಿದ್ದಳು. ಎಲ್ಲೂ ಬಿರುಕಿರಲಿಲ್ಲ. ನಾನು ಕೈಬಿಟ್ಟಿದ್ದ ಚೀಲದಿಂದ ಒಂದು ಚಿಟಿಕೆ ಹಿಟ್ಟು ತೆಗೆದು, ಮೇಲಿನ ಸುಟ್ಟದ್ದನ್ನು ಊದಿ, ಉಳಿದದ್ದನ್ನು ನಾಲಿಗೆಗೆ ಹಚ್ಚಿಕೊಂಡಳು.

“ಹಿಟ್ಟ ಸಣ್ಣ ಬಂದೈತಿ,” ಎಂದಳು. “ಬಸ್ಸ ಎಲ್ಲಿಗೂ ಹೋಗೂದಿಲ್ಲ.”

ಮರುದಿನ ಹೊಲದಲ್ಲಿ ಚರಗ ಚೆಲ್ಲಿದ ಮೇಲೆ, ಎಳ್ಳು ಹಚ್ಚಿದ ಆ ಸಜ್ಜೆ ರೊಟ್ಟಿಯನ್ನು ಬದನೆಕಾಯಿ ಪಲ್ಯದ ಜೊತೆ ತಿಂದೆವು. ಸ್ವಲ್ಪ ಹೊಗೆಯ ರುಚಿ ಇತ್ತು. ಅದರ ಮರುದಿನ ಅಥಣಿಯ ವ್ಯಾಪಾರಿ ಗಾಡಿ ತಂದ. ದೊಡ್ಡವ್ವ ಸುಟ್ಟ ಮೊಣಕೈಗೆ ಅರಿಶಿನ ಹಚ್ಚಿಕೊಂಡು ಎದುರು ನಿಂತು, ಗಿರಣಿ ಕೊಡುವುದಿಲ್ಲ ಎಂದಳು. ಬರಿಗೈಯಲ್ಲಿ ಹೋಗಬಾರದೆಂದು ಅವನಿಗೆ ಉಳಿದ ರೊಟ್ಟಿ ಕಟ್ಟಿಕೊಟ್ಟಳು.

ತಿಂಗಳೊಳಗೆ ಬಸ್ಸು ಸಿದ್ಧವಾಯಿತು. ಮೊದಲ ಸುತ್ತಿನ ದಿನ ನಾನು ಹತ್ತುವುದಿಲ್ಲ ಎಂದು ಬೇವಿನ ಮರಕ್ಕೆ ಜೋತುಬಿದ್ದೆ. ದೊಡ್ಡವ್ವ ಇಳಿದು ಬಂದು ನನ್ನ ಪಕ್ಕ ಕೂತಳು.

“ನನಗೂ ಅಂಜಿಕಿ ಐತಿ ಶೋಭಿ. ಅದಕ್ಕಽ ಕರಿಯಾಕತ್ತೇನಿ. ಒಬ್ಬಾಕಿ ಅಂಜಕೋತ ಹೆಂಗ ಹೋಗಲಿ?”

ನಾನು ಹತ್ತಿದೆ. ಮೇಸ್ತ್ರಿ ಡ್ರೈವರನ ಸೀಟಿನಲ್ಲಿ ಕೂತು ಇಂಜಿನ್ನು ಚಾಲೂ ಮಾಡಿದಾಗ ನಾವಿಬ್ಬರೂ ಒಬ್ಬರ ಕೈ ಒಬ್ಬರು ಹಿಡಿದಿದ್ದೆವು. ಕಾಲುವೆಯ ತಿರುವಿನಲ್ಲಿ ನಾಲ್ಕು ತೋಟದ ಹೆಂಗಸರು ಗಂಟುಗಳನ್ನಿಟ್ಟುಕೊಂಡು ನಿಂತಿದ್ದರು. ಎಪ್ಪತ್ತು ದಾಟಿದ ಒಬ್ಬ ಮುದುಕಿ, ಇಷ್ಟು ವರ್ಷ ನಾನು ಗಿರಣಿಗೆ ಹೋದೆ, ಇವತ್ತು ಗಿರಣಿ ನನ್ನ ಹತ್ತಿರ ಬಂತು ಎಂದು ಹೇಳಿ ಬಸ್ಸಿನ ಮೂತಿಗೆ ಕುಂಕುಮ ಹಚ್ಚಿದಳು. ಆ ದಿನ ಸಂಜೆಯ ತನಕ ಬೀಸಿದೆವು. ದೊಡ್ಡಪ್ಪ ಎಣ್ಣೆಯ ಡಬ್ಬಿಯನ್ನು ಮೇಸ್ತ್ರಿಯ ಮನೆಯಲ್ಲೇ ಇಡುವ ಕಟ್ಟಳೆಗೆ ಒಪ್ಪಿದ್ದ.

ಹನ್ನೊಂದು ವರ್ಷ ಆ ಬಸ್ಸು ತೋಟಗಳನ್ನು ಸುತ್ತಿತು. ಆಮೇಲೆ ಕರೆಂಟು ಸುಧಾರಿಸಿತು, ಮನೆ ಮನೆಗೆ ಸಣ್ಣ ಗಿರಣಿ ಬಂತು, ಬಸ್ಸಿಗೆ ಕಾಯುವವರು ಕಡಿಮೆಯಾದರು. ಗುಜರಿಗೆ ಕೊಡಲು ಹೇಳಿದವಳು ದೊಡ್ಡವ್ವನೇ. ಅವಳು ತೀರಿಕೊಂಡಾಗ ತೋಟಗಳ ಹೆಂಗಸರು ಗಿರಣಿ ಗಂಗವ್ವ ಹೋದಳು ಎಂದೇ ಅತ್ತರು.

ನಾನು ಈಗ ಚಿಕ್ಕೋಡಿಯಲ್ಲಿದ್ದೇನೆ, ಮಕ್ಕಳಿಗೆ ವಿಜ್ಞಾನ ಕಲಿಸುತ್ತೇನೆ. ಬಸ್ಸಿನಲ್ಲಿ ಹೋಗುವಾಗ ಇಂಜಿನ್ನಿನ ದನಿ ಸ್ವಲ್ಪ ಏರಿದರೂ ಮುಂದಿನ ಸೀಟಿನ ಕಂಬಿ ಬಿಗಿಯಾಗಿ ಹಿಡಿಯುತ್ತೇನೆ. ಪಕ್ಕದಲ್ಲಿ ಕೂತವರಿಗೆ ಅದು ತಿಳಿಯುವುದಿಲ್ಲ. ಮನೆಗೆ ಹಿಟ್ಟು ಪಾಕೀಟಿನಲ್ಲಿ ಬರುತ್ತದೆ, ಬೆಳ್ಳಗೆ, ಸಣ್ಣಗೆ, ಒಂದು ಹರಳೂ ಇಲ್ಲದೆ. ದೂರಲು ಏನೂ ಇಲ್ಲ. ಆದರೂ ಕತ್ತರಿಸಿ ಡಬ್ಬಿಗೆ ಸುರಿಯುವಾಗ ಪ್ರತಿ ಸಲ ಕೈ ಒಳಗೆ ಹಾಕಿ ನೋಡುತ್ತೇನೆ. ತಣ್ಣಗಿರುತ್ತದೆ. ಯಾರು ಬೀಸಿದರು, ಬೀಸುವಾಗ ಅವರ ಕೈಯನ್ನು ಯಾರು ಹಿಡಿದಿದ್ದರು, ಅದು ಹೇಳುವುದಿಲ್ಲ.