ಮಗ್ಗ ಸ್ವಚ್ಛ ಮಾಡಿದ ಮಾಲೀಕ

ಲಕ್ಷ್ಮೇಶ್ವರದ ಬಟ್ಟೆ ಅಂಗಡಿಯ ಕೆಲಸ ಬಿಡುವಾಗ ಮಾಲೀಕರಿಗೆ ಎದೆಯುಬ್ಬಿಸಿ ಹೇಳಿದ್ದೆ: "ಇನ್ನ ನಾ ಯಾರ ಕೈಕೆಳಗೂ ದುಡ್ಯಾಂಗಿಲ್ರಿ. ಬೆಟಗೇರ್ಯಾಗ ನಮ್ಮ ಮನ್ಯಾಗ ಮಗ್ಗ ಐತಿ."

"ದೀಪಾವಳಿಯೊಳಗ ತಿರುಗಿ ಬರ್ತಿ, ನೋಡ್ಲೇ," ಎಂದು ಅವರು ನಕ್ಕರು. ಆ ನಗುವನ್ನು ಸುಳ್ಳು ಮಾಡುವುದೇ ನನ್ನ ಬದುಕಿನ ಗುರಿಯಾಯಿತು.

ನೇಕಾರರ ಮನೆಯಲ್ಲಿ ಹುಟ್ಟಿದರೂ ಮಗ್ಗವನ್ನು ನಾನು ಬಳಸಿದ್ದು ಒದ್ದೆ ಟವೆಲ್ ಒಣಹಾಕಲು ಮಾತ್ರ. ಅವ್ವ ಪಕ್ಕದಲ್ಲಿ ಕುಳಿತು ಕಲಿಸಿದಳು. ಅಂತೂ ಮೊದಲ ಸೀರೆ ಮುಗಿಯಿತು. ಕತ್ತರಿಸಿ ತೆಗೆದಾಗ, ಎಳೆಗಳನ್ನು ಬಿಡಿಬಿಡಿಯಾಗಿ ಹಿಡಿಯುವ ಬಾಚಣಿಗೆಯಂಥ ಹಣಿಗೆಯಲ್ಲಿ ಹಳೆಯ ಎಳೆಗಳ ತುದಿಗಳು ಜೋತಾಡುತ್ತಿದ್ದವು. ಸ್ವಂತ ಉದ್ಯೋಗದಲ್ಲಿ ಶಿಸ್ತು ಮುಖ್ಯವೆಂದು ಅಷ್ಟನ್ನೂ ಎಳೆದು, ಗುಡಿಸಿ, ಕಸಕ್ಕೆ ಹಾಕಿ, ಮಗ್ಗಕ್ಕೆ ಊದುಬತ್ತಿಯನ್ನೂ ಬೆಳಗಿದೆ.

ಹೊಸ ಸೀರೆಯ ನೂಲು ಹೊತ್ತು ಬಂದ ಅಪ್ಪ ಅಲ್ಲೇ ಕುಸಿದು ಕುಳಿತ. "ಆ ತುದಿಗೇ ಹೊಸಾ ಎಳಿ ಗಂಟ ಹಾಕ್ತಾರಲೇ, ಮಂಗ್ಯಾ! ಈಗ ಒಂದೊಂದ ಎಳಿ ಹಣಗ್ಯಾಗ ಹೊಸದಾಗಿ ಪೋಣಸಬೇಕು!"

"ಎಷ್ಟ ಎಳಿ ಅದಾವು?"

"ನಿನ್ನ ತಲಿಮ್ಯಾಗಿನ ಕೂದಲಕ್ಕಿಂತ ಹೆಚ್ಚ ಅದಾವು. ತಲಿಯೊಳಗಂತೂ ಏನೂ ಇಲ್ಲ," ಎಂದಳು ಅವ್ವ.

ಪೋಣಿಸುತ್ತ ಕೂತೆ. ಇನ್ನೂ ಅರ್ಧವೂ ಆಗಿರಲಿಲ್ಲ, ದೀಪಾವಳಿ ಹತ್ತಿರ ಬಂತು. ಅಂಗಡಿ ಮಾಲೀಕರ ಫೋನೂ ಬಂತು.

"ಏನಪಾ, ಬರ್ತೀಯೇನು ಕೆಲಸಕ್ಕ?"

"ಬರಾಕ ಆಗಂಗಿಲ್ರಿ," ಎಂದೆ ಗತ್ತಿನಿಂದ. "ನನ್ನ ಮಗ್ಗದಾಗ ಕೈತುಂಬ ಕೆಲಸ ಐತಿ."

ಪಕ್ಕದಲ್ಲಿ ಅವ್ವ ನಕ್ಕ ರಭಸಕ್ಕೆ ಬೆಚ್ಚಿದ ನನ್ನ ಕೈ ತಗುಲಿ, ಆವರೆಗೆ ಪೋಣಿಸಿ ತುದಿಗೆ ಗಂಟು ಹಾಕದೇ ಬಿಟ್ಟಿದ್ದ ಎಳೆಗಳೆಲ್ಲ ಹಣಿಗೆಯಿಂದ ಜಾರಿಹೋದವು.